ಶೇರಾ ಪುಸ್ತಕದಲ್ಲಿಲ್ಲದ ನಗು

ಹಳೆಯ ಕನ್ನಡ ಶಾಲೆಗಳಲ್ಲಿ ಒಂದು ಶೇರಾ ಪುಸ್ತಕ ಇರುತ್ತಿತ್ತು. ತಪಾಸಣೆಗೆ ಬಂದ ಸಾಹೇಬರು ಗೋಡೆಗೆ ಸುಣ್ಣವಿಲ್ಲ, ಮಕ್ಕಳಿಗೆ ಮಗ್ಗಿ ಬರುವುದಿಲ್ಲ ಎಂದು ಬರೆದು ಸಹಿ ಹಾಕಿದ್ದೆಲ್ಲ ಅದರಲ್ಲಿ ಸಿಗುತ್ತದೆ. ಸಾಹೇಬರು ಅತ್ತ ಹೋದ ಮೇಲೆ ಮಕ್ಕಳು ಏನೆಂದು ನಕ್ಕರು ಎಂಬುದು ಸಿಗುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ಸೀಮೆಯಲ್ಲಿ ಒಂದನೇ ಎರಡನೇ ಇಯತ್ತೆಗೆ ಪಾಠ ಹೇಳುತ್ತಲೇ ನಿವೃತ್ತನಾದ ನನಗೆ ಆ ನಗೆಯೇ ಹೆಚ್ಚು ನಂಬಬಹುದಾದ ದಾಖಲೆ. ಯಾವ ಕಾಲದಲ್ಲಿ ಶಾಲೆ ಮಕ್ಕಳ ತಲೆಯ ಮೇಲೆ ಏನನ್ನು ಹೇರಿತೋ, ಆ ಕಾಲದ ಮಕ್ಕಳು ಅದನ್ನೇ ಹಿಡಿದು ಚೇಷ್ಟೆ ಮಾಡಿದ್ದಾರೆ.

ಮೊದಲು ಹೇರಿದ್ದು ಪೆಟ್ಟು. ಊರವರೇ ನಡೆಸುತ್ತಿದ್ದ ಗಾಂವಠಿ ಶಾಲೆಗಳ ಕಾಲದಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ತಪ್ಪಿದರೆ ಬಸ್ಕಿ, ಇಲ್ಲವೇ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ. ಶಾಲೆ ತಪ್ಪಿಸಿದವನನ್ನು ನಾಲ್ಕು ದೊಡ್ಡ ಹುಡುಗರು ಕೈಕಾಲು ಹಿಡಿದು ಹೊತ್ತು ತರುತ್ತಿದ್ದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಹೊತ್ತಿನಲ್ಲೇ ಧಾರವಾಡದ ಕಡೆ ಶಿಕ್ಷಣ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪನವರು ಮರಾಠಿಯ ಅಬ್ಬರದ ನಡುವೆ ಕನ್ನಡ ಶಾಲೆ ಕಟ್ಟುತ್ತಿದ್ದರು. 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದ ಮೇಲೆ ಪ್ರಾಥಮಿಕ ಶಾಲೆಗಳು ಲೋಕಲ್ ಬೋರ್ಡಿನ ಕೈಗೆ ಹೋದವು. ಕಾರಭಾರ ಬದಲಾಯಿತು, ಛಡಿ ಅದೇ ಉಳಿಯಿತು.

ಮುಲ್ಕಿ ಪರೀಕ್ಷೆ ಪಾಸಾಗಿದ್ದ ನಮ್ಮಜ್ಜ ತನ್ನ ಓರಗೆಯ ಒಬ್ಬನ ಕತೆ ಹೇಳುತ್ತಿದ್ದ. ಶಾಲೆ ತಪ್ಪಿಸಿದ ಅವನನ್ನು ಹೀಗೆ ಹೊತ್ತು ತರುವಾಗ ಅಳುವುದು ಬಿಟ್ಟು, "ಪಲ್ಲಕ್ಕಿ ಬಂತು, ದಾರಿ ಬಿಡ್ರೀ" ಎಂದು ಬೀದಿಯುದ್ದಕ್ಕೂ ಕೂಗಿದನಂತೆ. ಹೊತ್ತವರು ನಕ್ಕೂ ನಕ್ಕೂ ಪಲ್ಲಕ್ಕಿಯನ್ನು ನೆಲಕ್ಕೆ ಹಾಕಿದರಂತೆ. ಶಾಲೆ ಮುಟ್ಟಿದ ಮೇಲೆ ಅವನಿಗೆ ಏನಾಯಿತು ಎಂದು ಕೇಳಿದರೆ ಅಜ್ಜ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದ.

1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ದಾಂಡೇಲಿಯ ರೂಪವೇ ಬದಲಾಯಿತು. ಕಾಡಿನ ಬಿದಿರು ಕಾಗದವಾಗತೊಡಗಿತು. ಕೆಲಸ ಹುಡುಕಿ ತೆಲುಗರು, ಮಲಯಾಳಿಗಳು, ಉತ್ತರದವರು ಬಂದರು. ಒಂದೇ ಬೆಂಚಿನ ಮೇಲೆ ನಾಲ್ಕು ಮನೆಮಾತು. ಆದರೆ ಎಲ್ಲ ಮಕ್ಕಳಿಗೂ ಒಂದು ವಿಷಯ ಸಮನಾಗಿ ಗೊತ್ತಿತ್ತು, ಅದು ಅಪ್ಪನ ಪಾಳಿ. ತಡವಾಗಿ ಬಂದ ಎರಡನೇ ಇಯತ್ತೆಯ ಹುಡುಗನೊಬ್ಬನನ್ನು ಬಾಗಿಲಲ್ಲೇ ನಿಲ್ಲಿಸಿ ಯಾಕೋ ಎಂದೆ. "ಇವತ್ತು ನಂದು ಸೆಕೆಂಡ್ ಶಿಫ್ಟ್ ಸರ್" ಅಂದ. ಮುಖದಲ್ಲಿ ನಗೆಯ ಗೆರೆಯಿಲ್ಲ. ಪಕ್ಕದ ಹುಡುಗಿ ಅಷ್ಟೇ ಗಂಭೀರವಾಗಿ, "ಹಾಗಾದರ ಓವರ್‌ಟೈಮ್ ಯಾರು ಕೊಡ್ತಾರ?" ಎಂದು ಕೇಳಿದಳು. ಕಾರ್ಖಾನೆಯ ಊರಿನ ಮಕ್ಕಳು ಶಾಲೆಯೂ ಒಂದು ಕಾರ್ಖಾನೆ ಎಂಬುದನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದರು.

ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟನ್ ಕ್ಯಾಂಪ್ ಆರಂಭವಾಯಿತು. ಮುಂದೆ ಟಿಬೆಟ್‌ನ ಗಾದೆನ್, ಡ್ರೆಪುಂಗ್ ಮಠಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಅಲ್ಲಿ ಓದುವ ಕ್ರಮವೇ ಬೇರೆ. ಉತ್ತರ ಹೇಳುವ ಭಿಕ್ಷು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಕೇಳುವವನು ಎದುರು ನಿಂತು, ಕಾಲು ಅಪ್ಪಳಿಸಿ, ಎರಡೂ ಕೈ ಚಟ್ಟನೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಅದನ್ನು ನೋಡಿ ಬಂದ ನಮ್ಮ ಹುಡುಗರು ಮರುದಿನ ಬಯಲಿನಲ್ಲಿ ಅದೇ ಆಟ ಹೂಡಿದರು. ಒಬ್ಬ ಕೂತ, ಇನ್ನೊಬ್ಬ ಕಾಲೆತ್ತಿ ಕುಣಿದು ಚಪ್ಪಾಳೆ ಹೊಡೆದು "ಏಳೆಂಟ್ಲೆ?" ಎಂದ. ಕೂತವನು ಕಣ್ಣು ಮುಚ್ಚಿ, ಬಹಳ ಯೋಚಿಸಿ, "ಅದೆಲ್ಲ ಮಾಯೆ" ಅಂದ. ವರ್ಗದೊಳಗೆ ಬಾಯಿಪಾಠವಾಗದ ಮಗ್ಗಿ ಆ ಆಟದಲ್ಲಿ ಅರ್ಧದಷ್ಟು ಬಂತು ಎಂಬುದನ್ನೂ ಹೇಳಬೇಕು.

ಸೂಪಾ ಅಣೆಕಟ್ಟಿನ ನೀರಿನಲ್ಲಿ ತಾಲೂಕಿನ ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಬಹಳಷ್ಟು ಕುಟುಂಬಗಳು ರಾಮನಗರಕ್ಕೆ ಹೋದವು. ಹಿರಿಯರು ದೇವಸ್ಥಾನ, ಗದ್ದೆ ನೆನೆದು ಅಳುತ್ತಿದ್ದಾಗ ಒಂದು ಮಗು, "ನಮ್ಮ ಸಾಲ್ಯಾಗ ಈಗ ಮೀನ ಕಲೀತಾವ, ಒಂದೂ ಗೈರುಹಾಜರಿಲ್ಲ" ಅಂದಿತ್ತು. ಜೋಯಿಡಾದ ಕುಣಬಿ ಮಕ್ಕಳಿಗೆ ಮಳೆಗಾಲದ ಹಳ್ಳವೇ ರಜೆ ಚೀಟಿ. ಹಳ್ಳ ತುಂಬಿದರೆ ಶಾಲೆಯಿಲ್ಲ. ಫೆಬ್ರುವರಿಯ ಬಿಸಿಲಲ್ಲೂ "ಹಳ್ಳ ಬಂದಿತ್ತು ಸರ್" ಎನ್ನುವ ಧೈರ್ಯವಂತರಿದ್ದರು.

ಹಳಿಯಾಳದ ಕಡೆ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ದಾಂಡೇಲಿಯ ಕಾಡಿನಿಂದ ಆನೆಗಳು ಇಳಿಯುತ್ತವೆ. "ಗದ್ದೆಯಲ್ಲಿ ಹತ್ತು ಚೀಲ ಭತ್ತ ಬೆಳೆಯಿತು, ಮೂರು ಚೀಲ ಮಾರಿದರೆ ಉಳಿದದ್ದೆಷ್ಟು?" ಎಂದು ಕೇಳಿದೆ. ಗೌಳಿ ದಡ್ಡಿಯಿಂದ ಬರುವ ಪುಟ್ಟ ಹುಡುಗಿ ಸ್ಲೇಟು ಕೆಳಗಿಟ್ಟು, "ಆನಿ ಬಂದಿತ್ತೋ ಇಲ್ಲೋ, ಮೊದಲ ಅದನ್ನ ಹೇಳ್ರಿ ಸರ್" ಅಂದಳು. ಪಠ್ಯಪುಸ್ತಕ ಬರೆದವರ ಮೇಲೆ ಇದಕ್ಕಿಂತ ಖಡಕ್ಕಾದ ಟೀಕೆಯನ್ನು ನಾನು ಕೇಳಿಲ್ಲ.

ಸಿದ್ದಿ ಮಕ್ಕಳ ಚೇಷ್ಟೆಗೆ ಮಾತೂ ಬೇಕಿರಲಿಲ್ಲ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲಿ ಪುಸ್ತಕದ ಕನ್ನಡ. ಮೊದಲ ತಿಂಗಳುಗಳಲ್ಲಿ ಅವರು ಸುಮ್ಮನೆ ಕೂತದ್ದನ್ನು ಕಂಡು ದಡ್ಡರು ಎಂದು ಬರೆದ ಮಾಸ್ತರರಿದ್ದರು. ಆದರೆ ಮಾಸ್ತರರು ಹೊರಗೆ ಹೋದರೆ ಸಾಕು, ಬೆಂಚು ಸಿದ್ದಿಗಳ ಡಮಾಮಿ ಡೋಲಾಗುತ್ತಿತ್ತು. ಮಾಸ್ತರರ ನಡಿಗೆ, ಕೆಮ್ಮು, ಕನ್ನಡಕ ಏರಿಸುವ ರೀತಿ ಎಲ್ಲ ತಾಳಕ್ಕೆ ಸರಿಯಾಗಿ ಬರುತ್ತಿತ್ತು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಮಕ್ಕಳು ಮಾಸ್ತರರನ್ನು ಸರಿಯಾಗಿ ಅಳೆದದ್ದು ಅದಕ್ಕೂ ಬಹಳ ಹಿಂದೆಯೇ.

ಬಿಸಿಯೂಟ ಬಂದ ಮೇಲೆ ಚೇಷ್ಟೆಯ ರುಚಿ ಬದಲಾಯಿತು. "ಊಟದ ಪರೀಕ್ಷೆ ಯಾವಾಗ್ರಿ? ಅದರಾಗ ನಾ ಫಸ್ಟ್ ಬರ್ತೇನಿ" ಎಂದವನು ಮೊದಲು ಶಾಲೆಗೇ ಬಾರದವನು. 2010ರ ಏಪ್ರಿಲ್‌ನಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿತು. ಬೆನ್ನ ಹಿಂದೆ ನಡೆಯುತ್ತಿದ್ದ ಅಣಕ ಈಗ ಎದುರಿಗೇ ನಡೆಯುತ್ತದೆ. ಶಿಸ್ತು ಹೋಯಿತು ಎಂದು ನನ್ನ ಓರಗೆಯವರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ, ಹೋದದ್ದು ಹೆದರಿಕೆ. ಹೊಸ ಮಾಸ್ತರರಿಗೂ ಅಕ್ಕೋರಿಗೂ ಒಂದು ವಿನಂತಿ: ಆರು ವರ್ಷದ ಮಗು ನಿಮ್ಮ ಶಾಲೆಯ ಬಗ್ಗೆ ನಗೆಯಾಡಿದರೆ ಗದರಿಸಬೇಡಿ. ಅದು ಏನನ್ನು ಹಿಡಿದು ನಕ್ಕಿತು ಎಂದು ನೋಡಿ, ನಾಳೆಯ ಪಾಠದಲ್ಲಿ ಅದನ್ನು ಸರಿಮಾಡಿಕೊಳ್ಳಿ.