ಹೊರೆ ಕಟ್ಟಿದ ಹಗ್ಗದ ಕಥೆ



ಟೆಂಪೊ ಒಂದಕ್ಕೆ ಕಬ್ಬಿಣದ ಯಂತ್ರವನ್ನೋ ಗ್ರಾನೈಟ್ ಹಲಗೆಯನ್ನೋ ಏರಿಸುವುದನ್ನು ನೀವು ನೋಡಿರುತ್ತೀರಿ. ನಾಲ್ಕಾರು ಹಮಾಲರು ಬೆವರು ಸುರಿಸಿ ಅದನ್ನು ಮೇಲಕ್ಕೆ ತಳ್ಳುತ್ತಾರೆ. ಇನ್ನು ಹಗ್ಗ ಕಟ್ಟಬೇಕು ಎನ್ನುವಾಗ ಯಾರಾದರೊಬ್ಬರು, "ಇಷ್ಟು ಜನ ಸೇರಿದರೂ ಅಲ್ಲಾಡಲಿಲ್ಲ, ಅದೆಲ್ಲಿಗೆ ಹೋಗುತ್ತೆ ಬಿಡಿ" ಎನ್ನುತ್ತಾರೆ. ಮಾತು ಸಹಜವಾಗಿಯೇ ಕೇಳಿಸುತ್ತದೆ. ಆದರೆ ಇದು ಜೀವ ತೆಗೆಯಬಲ್ಲ ಮಾತು. ಭಾರದ ವಸ್ತುವನ್ನು ಅದರ ಭಾರವೊಂದೇ ಹಿಡಿದಿಡಲಾರದು. ಇದನ್ನು ಮನುಷ್ಯ ಹೇಗೆ ಕಲಿತ, ನಡುನಡುವೆ ಹೇಗೆ ಮರೆತ ಎಂಬುದನ್ನು ಈಗ ನೋಡೋಣ.

ಮೊದಲು ಈಜಿಪ್ಟಿಗೆ ಹೋಗೋಣ. ದೇರ್ ಎಲ್ ಬರ್ಷಾ ಎಂಬಲ್ಲಿ ಜೆಹುತಿಹೋತೆಪ್ ಎಂಬ ಪ್ರಾಂತಾಧಿಕಾರಿಯ ಸಮಾಧಿಯಿದೆ. ಅದರ ಗೋಡೆಯ ಮೇಲೆ ಸುಮಾರು 3,900 ವರ್ಷಗಳ ಹಿಂದೆ ಬರೆದ ಚಿತ್ರವೊಂದು ಪ್ರಸಿದ್ಧವಾಗಿದೆ. ಕುಳಿತ ಭಂಗಿಯ ಬೃಹತ್ ವಿಗ್ರಹವನ್ನು ಮರದ ಜಾರುಬಂಡಿಯ ಮೇಲಿಟ್ಟು 172 ಜನ ನಾಲ್ಕು ಸಾಲುಗಳಲ್ಲಿ ನಿಂತು ಎಳೆಯುತ್ತಿದ್ದಾರೆ. ವಿಗ್ರಹದ ತೂಕ ಸುಮಾರು 58 ಟನ್ ಇದ್ದಿರಬೇಕೆಂದು ಅಂದಾಜು. ಬಂಡಿಯ ಮುಂದೆ ಒಬ್ಬ ನೀರು ಸುರಿಯುತ್ತಿದ್ದಾನೆ. ಮರಳಿಗೆ ಹದವಾಗಿ ನೀರು ಬಿದ್ದರೆ ಎಳೆಯಲು ಬೇಕಾದ ಬಲ ಅರ್ಧದಷ್ಟು ಕಡಿಮೆಯಾಗುತ್ತದೆ ಎಂದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಪ್ರಯೋಗದಿಂದ ತೋರಿಸಿದರು.

ನಮ್ಮ ವಿಷಯಕ್ಕೆ ಬೇಕಾದದ್ದು ಚಿತ್ರದ ಇನ್ನೊಂದು ಭಾಗ. ವಿಗ್ರಹವನ್ನು ಬಂಡಿಗೆ ಬಿಗಿದ ಹಗ್ಗಗಳನ್ನು ಗಮನಿಸಿ. ಹಗ್ಗಗಳ ನಡುವೆ ಕೋಲು ಸಿಕ್ಕಿಸಿ, ತಿರುಚಿ, ಬಿಗಿ ಮಾಡಿದ್ದಾರೆ. ಹಗ್ಗ ಕಲ್ಲನ್ನು ತಾಗುವ ಕಡೆ ಚರ್ಮದಂಥ ಮೆತ್ತೆ ಇಟ್ಟಿದ್ದಾರೆ. ಇದರಿಂದ ಕಲ್ಲಿನ ಅಂಚಿಗೆ ಹಗ್ಗ ಸವೆಯುವುದಿಲ್ಲ, ಹಗ್ಗದಿಂದ ಕಲ್ಲೂ ಕೆಡುವುದಿಲ್ಲ. ಇಂದು ಲಾರಿಯವರು ಪಟ್ಟಿ ಬಿಗಿಯಲು ಬಳಸುವ ರ‍್ಯಾಚೆಟ್ ಮತ್ತು ಮೂಲೆಗಿಡುವ ಮೆತ್ತೆ ಎರಡರ ಕೆಲಸವೂ ಅಲ್ಲಿದೆ. 58 ಟನ್ನಿನ ವಿಗ್ರಹ ತಾನಾಗಿ ಎಲ್ಲಿಗೂ ಹೋಗದು ಎಂದು ಆ ಕೆಲಸಗಾರರು ನಂಬಿ ಕೂರಲಿಲ್ಲ.

ಕೈಗೆ ತಿಳಿದಿದ್ದ ಈ ಸಂಗತಿ ಲೆಕ್ಕದ ರೂಪಕ್ಕೆ ಬರಲು ಬಹಳ ಕಾಲ ಬೇಕಾಯಿತು. ಚಲಿಸುತ್ತಿರುವ ವಸ್ತುವನ್ನು ಹೊರಗಿನ ಬಲವೊಂದು ತಡೆಯದಿದ್ದರೆ ಅದು ಅದೇ ವೇಗದಲ್ಲಿ ನೇರವಾಗಿ ಸಾಗುತ್ತದೆ ಎಂಬ ನಿಯಮವನ್ನು ನ್ಯೂಟನ್ 1687ರಲ್ಲಿ ಪ್ರಕಟಿಸಿದ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂತೋ, ಘರ್ಷಣೆಯು ವಸ್ತುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿರುತ್ತದೆ ಎಂದು ತೋರಿಸಿದ. ಮುಂದೆ ಕೂಲಂಬ್ ರೋಶ್‌ಫೋರ್ ಎಂಬ ನೌಕಾ ನೆಲೆಯಲ್ಲಿ ದೊಡ್ಡ ಹೊರೆಗಳನ್ನಿಟ್ಟು ಘರ್ಷಣೆಯನ್ನು ಪರೀಕ್ಷಿಸಿದ. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಕೂಲಂಬ್ ಇವನೇ.

ಟೆಂಪೊದವನ ನಂಬಿಕೆ ಏಕೆ ತಪ್ಪು ಎಂಬುದಕ್ಕೆ ಉತ್ತರ ಇಲ್ಲಿದೆ. ತೂಕ ಹೆಚ್ಚಾದಂತೆ ನೆಲ ಹಿಡಿಯುವ ಘರ್ಷಣೆಯೂ ಹೆಚ್ಚುತ್ತದೆ, ನಿಜ. ಆದರೆ ಬ್ರೇಕು ಹಾಕಿದಾಗ ಹೊರೆಯನ್ನು ನಿಲ್ಲಿಸಲು ಬೇಕಾದ ಬಲವೂ ಅಷ್ಟೇ ಪಾಲಿನಲ್ಲಿ ಹೆಚ್ಚುತ್ತದೆ. ಲೆಕ್ಕದಲ್ಲಿ ತೂಕ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ! ಮನೆಯಲ್ಲೇ ಪರೀಕ್ಷಿಸಿ ನೋಡಿ. ಒಂದು ಹಲಗೆಯ ಮೇಲೆ ಇಟ್ಟಿಗೆಯಿಟ್ಟು ನಿಧಾನವಾಗಿ ಓರೆ ಮಾಡಿ. ಅದು ಜಾರುವ ಕೋನವನ್ನು ಗುರುತಿಸಿಕೊಳ್ಳಿ. ಈಗ ಅದರ ಮೇಲೆ ಇನ್ನೊಂದು ಇಟ್ಟಿಗೆಯಿಟ್ಟು ಎರಡನ್ನೂ ಸೇರಿಸಿ ಕಟ್ಟಿ ಓರೆ ಮಾಡಿ. ಹೆಚ್ಚುಕಡಿಮೆ ಅದೇ ಕೋನದಲ್ಲಿ ಜಾರುತ್ತದೆ. ಕ್ಯಾಮೆರಾ ಮುಂದೆ ತೋರಿಸಲು ಇದಕ್ಕಿಂತ ಸುಲಭವಾದ ಪ್ರಯೋಗ ಸಿಗುವುದು ಕಷ್ಟ.

ಇನ್ನು ಅಂಕಿಗಳನ್ನು ಹಾಕೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ವ್ಯಾನಿನ ಚಾಲಕ ಬ್ರೇಕನ್ನು ಜೋರಾಗಿ ಒತ್ತಿದ ಎನ್ನಿ. ವ್ಯಾನು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಬೇಗ ನಿಲ್ಲುತ್ತದೆ. ಈ ಅವಧಿಯಲ್ಲಿ ಹೊರೆಯನ್ನು ತಡೆಹಿಡಿಯಲು ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲ ಬೇಕು. ಕಬ್ಬಿಣದ ನೆಲದ ಮೇಲಿರುವ ಮರದ ಪೆಟ್ಟಿಗೆಗೆ ಘರ್ಷಣೆಯಿಂದ ಸಿಗುವುದು ಸುಮಾರು ನಾಲ್ಕು ಪಾಲು. ಪೆಟ್ಟಿಗೆ 500 ಕಿಲೋ ಇದ್ದರೆ ಉಳಿದ 200 ಕಿಲೋ ತೂಕದಷ್ಟು ಬಲವನ್ನು ಹಗ್ಗವೋ ಗೋಡೆಯೋ ಕೊಡಬೇಕು. ಕೊಡದಿದ್ದರೆ? ಪೆಟ್ಟಿಗೆಗೂ ಚಾಲಕನ ಬೆನ್ನ ಹಿಂದಿನ ಗೋಡೆಗೂ ನಡುವೆ ಒಂದೇ ಮೀಟರ್ ಜಾಗವಿದ್ದರೂ ಅದು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಅಪ್ಪಳಿಸುತ್ತದೆ. ಅರ್ಧ ಟನ್ನಿನ ಗುದ್ದು ಅದು. ಆದ್ದರಿಂದಲೇ ಭಾರದ ಸಾಮಾನನ್ನು ಮುಂದಿನ ಗೋಡೆಗೆ ಒತ್ತಿ ಇಡಬೇಕು, ಜಾಗ ಬಿಡಬಾರದು. ಮೇಲಿನಿಂದ ಬಿಗಿದ ಹಗ್ಗವೂ ಹೊರೆಯನ್ನು ನೆಲಕ್ಕೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ. ಹಗ್ಗ ಸಡಿಲವಾಗಿದ್ದರೆ ಅದು ಎಷ್ಟೇ ದಪ್ಪವಿದ್ದರೂ ಈ ಕೆಲಸಕ್ಕೆ ಬಾರದು.

ಈ ಪಾಠವನ್ನು ಹಡಗಿನವರು ಚೆನ್ನಾಗಿ ಬಲ್ಲವರಾಗಿದ್ದರು. ಹಾಯಿ ಹಡಗುಗಳ ಕಾಲದ ದೊಡ್ಡ ಫಿರಂಗಿಯೊಂದು ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತಿತ್ತು. ಅದು ನಾಲ್ಕು ಗಾಲಿಗಳ ಮೇಲೆ ನಿಂತಿರುತ್ತಿದ್ದುದರಿಂದ ದಪ್ಪ ಹಗ್ಗಗಳಿಂದ ಹಡಗಿನ ಗೋಡೆಗೆ ಬಿಗಿಯುತ್ತಿದ್ದರು. ಬಿರುಗಾಳಿಯಲ್ಲಿ ಹಗ್ಗ ಕಳಚಿದರೆ ಫಿರಂಗಿ ಶತ್ರುವನ್ನು ಬಿಟ್ಟು ಸ್ವಂತ ಹಡಗನ್ನೇ ಒಡೆಯುತ್ತಿತ್ತು. ವಿಕ್ಟರ್ ಹ್ಯೂಗೊ 1874ರ 'ತೊಂಬತ್ತಮೂರು' ಕಾದಂಬರಿಯಲ್ಲಿ ಇಂಥದೊಂದು ಘಟನೆಯನ್ನು ಚಿತ್ರಿಸಿದ್ದಾನೆ. ಕಟ್ಟು ಬಿಚ್ಚಿದ ಫಿರಂಗಿಯನ್ನು ಪ್ರಾಣದ ಹಂಗು ತೊರೆದು ನಿಲ್ಲಿಸಿದ ಸೈನಿಕನಿಗೆ ಪದಕ ಸಿಗುತ್ತದೆ. ಆದರೆ ಅದನ್ನು ಸರಿಯಾಗಿ ಬಿಗಿಯದೆ ಬಿಟ್ಟವನೂ ಅವನೇ. ಅದಕ್ಕಾಗಿ ಅವನಿಗೆ ಮರಣದಂಡನೆಯೂ ಆಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಗಂಟು ಹಾಕುವ ಕೆಲಸಕ್ಕೆ ಹೊಸ ಉಪಕರಣ ಬಂತು. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮ್ಯಾಕ್ಲೀನ್ ಎಂಬ ಲಾರಿ ಉದ್ಯಮಿ 58 ಕಂಟೇನರುಗಳನ್ನು 'ಐಡಿಯಲ್ ಎಕ್ಸ್' ಹಡಗಿನಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅವನ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ರೂಪಿಸಿದ ತಿರುಗುಬೀಗ ಮುಂದೆ ಲೋಕವ್ಯಾಪಿಯಾಯಿತು. ಕಂಟೇನರಿನ ಮೂಲೆಯ ರಂಧ್ರದೊಳಗೆ ಬೀಗದ ತಲೆ ಹೊಕ್ಕು ಕಾಲು ಸುತ್ತು ತಿರುಗಿದರೆ ಭದ್ರ. ನಮ್ಮ ಹೆದ್ದಾರಿಗಳ ಕಂಟೇನರ್ ಲಾರಿಗಳಲ್ಲೂ ನಾಲ್ಕು ಮೂಲೆಗಳಲ್ಲಿ ಇದನ್ನು ಕಾಣಬಹುದು.

ನಿಯಮಗಳು ಬಂದದ್ದು ಇನ್ನೂ ತಡವಾಗಿ. ಅಮೆರಿಕ 2002ರಲ್ಲಿ ಪ್ರಕಟಿಸಿದ, 2004ರಿಂದ ಜಾರಿಗೆ ಬಂದ ನಿಯಮಗಳಲ್ಲಿ ನಾವು ಮೇಲೆ ಹಾಕಿದ ಅದೇ ಲೆಕ್ಕವಿದೆ. ಕಟ್ಟು ಮುಂದಕ್ಕೆ ತೂಕದ ಹತ್ತರಲ್ಲಿ ಎಂಟು ಪಾಲು, ಹಿಂದಕ್ಕೂ ಪಕ್ಕಕ್ಕೂ ಐದು ಪಾಲು ಬಲ ತಾಳಬೇಕು. ಸಣ್ಣ ಸರಕು ವ್ಯಾನುಗಳ ತಡೆಗೋಡೆ ಮತ್ತು ಕಟ್ಟುಕೊಂಡಿಗಳಿಗಾಗಿಯೇ 2009ರಲ್ಲಿ ಐಎಸ್‌ಒ 27956 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ನಮ್ಮ ದೇಶದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ, ಮಿತಿ ಮೀರಿ ಹೊರಚಾಚಿದ ಹೊರೆಗೆ 20,000 ರೂಪಾಯಿ ದಂಡ ವಿಧಿಸಿತು.

ಇಷ್ಟೆಲ್ಲ ತಿಳಿದ ಮೇಲೂ ಮರೆವು ಬಿಟ್ಟಿಲ್ಲ. 2013ರ ಏಪ್ರಿಲ್ 29ರಂದು ಆಫ್ಘಾನಿಸ್ತಾನದ ಬಗ್ರಾಮ್‌ನಿಂದ ಮೇಲೇರಿದ 747 ಸರಕು ವಿಮಾನ ಕ್ಷಣಗಳಲ್ಲೇ ನೆಲಕ್ಕೆ ಬಿತ್ತು. ಒಳಗೆ ತಲಾ 12ರಿಂದ 18 ಟನ್ ತೂಕದ ಐದು ಯುದ್ಧವಾಹನಗಳಿದ್ದವು. ಕಟ್ಟು ಸಾಲದೆ ಒಂದಾದರೂ ವಾಹನ ಹಿಂದಕ್ಕೆ ಸರಿದು ವಿಮಾನದ ನಿಯಂತ್ರಣ ವ್ಯವಸ್ಥೆಯನ್ನೇ ಕೆಡಿಸಿತೆಂದು ತನಿಖೆ ಹೇಳಿತು. ಏಳು ಮಂದಿ ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ನಮ್ಮ ಊರುಗಳಲ್ಲಿ ಹೊರೆಯ ಪಕ್ಕದಲ್ಲೋ ಮೇಲೋ ಹಮಾಲರೇ ಕುಳಿತು ಹೋಗುವುದುಂಟು. ಕಲ್ಲಿನ ಹಲಗೆಯನ್ನು ಕೈಯಿಂದ ಆನಿಸಿಕೊಂಡೇ ಸಾಗುವವರೂ ಉಂಟು. 200 ಕಿಲೋ ತೂಕದ ಬಲವನ್ನು ಯಾವ ಕೈ ತಡೆದೀತು, ನೀವೇ ಹೇಳಿ. ರಸ್ತೆಯ ಕುಲುಕಾಟಕ್ಕೆ ಹೊರೆ ಕುಸಿದು ಕೂತಂತೆ ಕಟ್ಟೂ ಸಡಿಲವಾಗುತ್ತದೆ. ಅದಕ್ಕೇ ಅಮೆರಿಕದ ನಿಯಮವು ಹೊರಟ ಮೊದಲ 80 ಕಿಲೋಮೀಟರಿನೊಳಗೆ ಒಮ್ಮೆ ನಿಲ್ಲಿಸಿ ಕಟ್ಟನ್ನು ಪರೀಕ್ಷಿಸಲು ಹೇಳುತ್ತದೆ. ದಾರಿಯಲ್ಲಿ ವ್ಯಾನು ನಿಲ್ಲಿಸಿ, ಇಳಿದು, ಹಗ್ಗವನ್ನು ಜಗ್ಗಿ ನೋಡುವ ಚಾಲಕನನ್ನು ನೀವು ಕಂಡರೆ, ಅವನು ಹೊತ್ತು ಕಳೆಯುತ್ತಿದ್ದಾನೆ ಎಂದುಕೊಳ್ಳಬೇಡಿ.