ಗಂಡುದುಂಬಿಯ ಗುರುತು

ಕೊಡಗು, ಚಿಕ್ಕಮಗಳೂರುಗಳ ರೋಬಸ್ಟಾ ತೋಟಗಳಲ್ಲಿ ಎಳೆಯ ರೆಂಬೆಗಳ ಅಡಿಭಾಗಕ್ಕೆ ಸೂಜಿಮೊನೆಯಷ್ಟು ರಂಧ್ರ ಕೊರೆದು ಅವನ್ನು ಒಣಗಿಸುವ, ಬೆಳೆಗಾರರು ಶಾಟ್‌ಹೋಲ್ ಬೋರರ್ ಎನ್ನುವ ಕೀಟವು ಅಂಬ್ರೋಸಿಯಾ ದುಂಬಿಗಳ ಗುಂಪಿಗೆ ಸೇರಿದೆ. ಈ ಗುಂಪಿನ ದುಂಬಿಗಳು ಮರವನ್ನು ಕೊರೆಯುತ್ತವೆಯೇ ಹೊರತು ಅದನ್ನು ತಿನ್ನುವುದಿಲ್ಲ; ಸುರಂಗದ ಗೋಡೆಯ ಮೇಲೆ ತಾವೇ ಬಿತ್ತಿದ ಶಿಲೀಂಧ್ರವೇ ಅವುಗಳ ಆಹಾರ. 1836ರಲ್ಲಿ ಷ್ಮಿಡ್‌ಬರ್ಗರ್ ಈ ಬಿಳಿಯ ಆಹಾರಕ್ಕೆ ಗ್ರೀಕ್ ದೇವತೆಗಳ ಅಮೃತದ ಹೆಸರಾದ ಅಂಬ್ರೋಸಿಯಾ ಎಂಬುದನ್ನೇ ಇಟ್ಟನು. ಅದು ಶಿಲೀಂಧ್ರವೆಂದು 1844ರಲ್ಲಿ ಹಾರ್ಟಿಗ್ ತೋರಿಸಿಕೊಟ್ಟನು.

ಕಾಫಿಯ ಈ ದುಂಬಿಯನ್ನು 1875ರಲ್ಲಿ ಮೊದಲು ವಿವರಿಸಿದವನು ಜರ್ಮನಿಯ ಐಖ್‌ಹಾಫ್. ಅದರ ಇಂದಿನ ಹೆಸರು ಕ್ಸೈಲೋಸ್ಯಾಂಡ್ರಸ್ ಕಾಂಪ್ಯಾಕ್ಟಸ್. ಆದರೆ 1912ರಲ್ಲಿ ಹ್ಯಾಗೆಡಾರ್ನ್ ಇದೇ ಕೀಟಕ್ಕೆ ಮೋರ್‌ಸ್ಟಾಟಿ ಎಂಬ ಬೇರೊಂದು ಹೆಸರಿಟ್ಟದ್ದರಿಂದ, ಎರಡೂ ಒಂದೇ ಪ್ರಭೇದವೆಂದು ಮುಂದೆ ತೀರ್ಮಾನವಾಗುವವರೆಗೆ ಕಾಫಿ ಸಾಹಿತ್ಯದಲ್ಲಿ ಎರಡು ಹೆಸರುಗಳು ಜೊತೆಜೊತೆಗೇ ನಡೆದವು. ಈ ದುಂಬಿ ಸೇರಿದ ಬಳಗದಲ್ಲಿ ವರ್ಗೀಕರಣವೆಲ್ಲ ಹೆಣ್ಣುದುಂಬಿಯನ್ನೇ ಆಧರಿಸಿ ನಿಂತದ್ದು ಸಹಜವೇ ಆಗಿತ್ತು. ಎರಡು ಮಿಲಿಮೀಟರಿಗೂ ಚಿಕ್ಕದಾದ, ಹೊಳೆಯುವ ಕಪ್ಪು ಬಣ್ಣದ ಹೆಣ್ಣು ಹಾರಿಬಂದು ಹೊಸ ರೆಂಬೆಯನ್ನು ಕೊರೆಯುವುದರಿಂದ ಸಂಗ್ರಾಹಕರ ಕೈಗೆ ಸಿಕ್ಕುವುದು ಅದೇ. ಫಲಿತವಾಗದ ಮೊಟ್ಟೆಯಿಂದ ಹುಟ್ಟುವ ಗಂಡಾದರೋ ಇನ್ನೂ ಚಿಕ್ಕದು, ಕಂದುಬಣ್ಣದ್ದು, ಹಾರಲಾರದ್ದು. ಒಡಹುಟ್ಟಿದ ಹೆಣ್ಣುಗಳೊಡನೆ ಸುರಂಗದೊಳಗೇ ಕೂಡಿ ಅಲ್ಲಿಯೇ ಸಾಯುತ್ತದೆ. ಹೀಗಾಗಿ ಹಲವು ಪ್ರಭೇದಗಳ ಗಂಡು ಹೇಗಿರುತ್ತದೆಂಬುದು ಹೆಸರಿಟ್ಟವರಿಗೂ ತಿಳಿದಿರಲಿಲ್ಲ.

ಪ್ಲಾಟಿಪಸ್ ಬಳಗದ ಅಂಬ್ರೋಸಿಯಾ ದುಂಬಿಗಳ ಕಥೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಮರವನ್ನು ಮೊದಲು ಕೊರೆಯುವುದು ಸಾಮಾನ್ಯವಾಗಿ ಗಂಡು. ಹೆಣ್ಣು ಬಂದು ಸೇರಿದ ಮೇಲೆ ಗಂಡು ಸುರಂಗದ ಬಾಯಿಯನ್ನು ತನ್ನ ಹಿಂಭಾಗದಿಂದ ಮುಚ್ಚಿ ಕಾಯುತ್ತದೆ. ಮುಂರೆಕ್ಕೆಗಳೆಂಬ ಗಟ್ಟಿ ಕವಚಗಳು ಹಿಂದಕ್ಕೆ ಇಳಿಜಾರಾಗುವಲ್ಲಿ ಗಂಡಿಗೆ ಮುಳ್ಳು, ಹಲ್ಲು, ಏಣುಗಳಿರುತ್ತವೆ, ಮತ್ತು ಅವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುತ್ತದೆ. 1865ರಲ್ಲಿ ಬೆಲ್ಜಿಯಂನ ಶಾಪ್ವಿ ಈ ಬಳಗದ ಮೇಲೆ ಬರೆದ ಗ್ರಂಥದಿಂದ ಹಿಡಿದು 1993ರಲ್ಲಿ ವುಡ್ ಕುಲಗಳನ್ನು ಮರುವಿಂಗಡಿಸುವವರೆಗೂ ಗಂಡಿನ ಈ ಲಕ್ಷಣಗಳೇ ಗುರುತಿನ ಮುಖ್ಯ ಆಧಾರವಾಗಿದ್ದವು. ಅಮೆರಿಕ ಖಂಡದಿಂದ ಭಾರತಕ್ಕೆ ಬಂದಿರುವ ಯೂಪ್ಲಾಟಿಪಸ್ ಪ್ಯಾರಲೆಲಸ್ ದುಂಬಿಯನ್ನು ಪತ್ತೆಹಚ್ಚುವಾಗಲೂ ನೋಡಬೇಕಾದದ್ದು ಗಂಡಿನ ಕವಚದ ಚಾಚಿದ ತುದಿಯನ್ನೇ.

ಭಾರತದಲ್ಲಿ ಸ್ಟೆಬಿಂಗ್ 1914ರಲ್ಲೂ ಡೆಹ್ರಾಡೂನಿನ ಬೀಸನ್ 1941ರಲ್ಲೂ ಪ್ರಕಟಿಸಿದ ಅರಣ್ಯಕೀಟಗಳ ಗ್ರಂಥಗಳು ಇಂಥ ದುಂಬಿಗಳನ್ನು ಗುರುತಿಸುವ ವಿದ್ಯೆಗೆ ತಳಪಾಯ ಹಾಕಿದವು. ಕಾಫಿಯ ದುಂಬಿಯ ವಿಷಯದಲ್ಲಿ ಬಾಕಿಯಿರುವ, ಗಂಡುಗಳನ್ನು ಹೆಣ್ಣುಗಳೊಡನೆ ಸಂಗ್ರಹಿಸುವ ಕೆಲಸ ತೋಟದಲ್ಲೇ ಆಗಬಲ್ಲದು. ಬಾಧೆಗೊಳಗಾದ ರೆಂಬೆಗಳನ್ನು ಕತ್ತರಿಸಿ ಸುಡುವ ರೂಢಿ ಸರಿಯಾದದ್ದೇ. ಆದರೆ ಸುಡುವ ಮುನ್ನ ಕೆಲವನ್ನಾದರೂ ಉದ್ದಕ್ಕೆ ಸೀಳಿ, ಒಳಗಿನ ಕಂದು ಗಂಡುಗಳನ್ನು ಅವುಗಳ ಹೆಣ್ಣುಗಳೊಡನೆ ಒಂದೇ ಸೀಸೆಯಲ್ಲಿ ಮದ್ಯಸಾರದಲ್ಲಿಟ್ಟು, ತೋಟದ ಹೆಸರನ್ನೂ ದಿನಾಂಕವನ್ನೂ ಬರೆದು ಸಂಶೋಧನಾ ಕೇಂದ್ರಕ್ಕೆ ತಲುಪಿಸಬೇಕು.