ಗಡಿನಾಡಿನ ಊರಹೆಸರು ಮತ್ತು ಚಿತ್ರಭಂಡಾರದ ಹುಡುಕಾಟ: ಮುಗಳಖೋಡ ಪರಿಸರದ ಒಂದು ವಿವೇಚನೆ

ವಿಕಿಮೀಡಿಯ ಕಾಮನ್ಸ್ 2004ರ ಸೆಪ್ಟೆಂಬರ್ 7ರಂದು ಆರಂಭವಾದ ಮುಕ್ತ ಚಿತ್ರ, ಧ್ವನಿ, ವಿಡಿಯೊಗಳ ಭಂಡಾರ. ಅದರ ಕಡತಗಳ ಸಂಖ್ಯೆ ಈಗ ಹತ್ತು ಕೋಟಿ ದಾಟಿದೆ. ಈ ಮಹಾರಾಶಿಯಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಮುಗಳಖೋಡ ಮಠದ ಚಿತ್ರವೊಂದು ಹುಡುಕುವವರ ಕಣ್ಣಿಗೆ ಬೀಳಬೇಕಾದರೆ ಕಾಗುಣಿತ ಕೈಹಿಡಿಯಬೇಕು. ಚಿತ್ರ ತಾನಾಗಿ ಹೆಸರು ಹೇಳುವುದಿಲ್ಲ. ಹಾಕಿದವರು ಬರೆದ ಶೀರ್ಷಿಕೆ, ವಿವರಣೆ, ವರ್ಗ ಇವೇ ಹುಡುಕಾಟಕ್ಕೆ ಮುಖ್ಯ ಆಧಾರ. ಆದ್ದರಿಂದ ಗಡಿಭಾಗದ ಮಟ್ಟಿಗೆ ಫಲಿತಾಂಶಗಳ ಸುಧಾರಣೆ ಊರು, ಮಠ, ದೇವರುಗಳ ಹೆಸರಿನ ನಮೂದುಗಳಿಂದಲೇ ಮೊದಲಾಗಬೇಕು ಎಂಬುದು ಈ ಲೇಖನದ ವಾದ.

ಊರಿನ ಹೆಸರನ್ನು ಮುಗಳಖೋಡ, ಮುಗಳಖೋಡ್, ಮುಗಳಕೋಡ ಎಂದೆಲ್ಲ ಬರೆಯಬಹುದು. ಮಠದ ಯಲ್ಲಾಲಿಂಗ ಮಹಾರಾಜರ ಹೆಸರೂ ಯಲ್ಲಲಿಂಗ, ಎಲ್ಲಾಲಿಂಗ ಎಂದು ರೂಪ ಬದಲಿಸಬಹುದು. ಹೆಸರಿನ ಜತೆಗೆ ಊರುಗಳು ಸೇರಿದ ಆಡಳಿತ ಘಟಕಗಳೂ ಚರಿತ್ರೆಯಲ್ಲಿ ಬದಲಾಗಿವೆ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ಇವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. 2014ರ ನವೆಂಬರ್ 1ರಿಂದ ಜಿಲ್ಲಾಕೇಂದ್ರದ ಹೆಸರು ಇಂಗ್ಲಿಷಿನಲ್ಲೂ ಬೆಳಗಾವಿ ಎಂದಾಯಿತು. ಆಮೇಲೆ ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲ್ಲೂಕುಗಳಾದವು. ಹೀಗಾಗಿ ಹಳೆಯ ಚಿತ್ರದ ಅಡಿಬರಹದಲ್ಲಿ 'ಅಥಣಿ ತಾಲ್ಲೂಕಿನ ಕಾಗವಾಡ' ಎಂದಿದ್ದರೆ ಅದು ತಪ್ಪಲ್ಲ, ಆ ಕಾಲಕ್ಕೆ ಸರಿಯಾದದ್ದೇ.

ಕಣ್ಣಿಗೆ ಕಾಣದ ವ್ಯತ್ಯಾಸಗಳನ್ನು ಯಂತ್ರವೇ ನಿವಾರಿಸಬಲ್ಲದು. ಮುಗಳಖೋಡದ 'ಖೋ'ವಿನಲ್ಲಿರುವ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಒತ್ವ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಕಡತದಲ್ಲಿ ಬೇರೆ ಬೇರೆ. ಯೂನಿಕೋಡ್‌ನ ಏಕರೂಪೀಕರಣ ಇವನ್ನು ಒಂದುಗೂಡಿಸುತ್ತದೆ. ಆದರೆ 'ಮುಗಳಖೋಡ್‌ನಲ್ಲಿ' ಎಂದು ಬರೆಯುವಾಗ ಅರ್ಧಾಕ್ಷರದ ನಂತರ ಸೇರುವ ಅಗೋಚರ ವಿಭಜಕ ಅದಕ್ಕೆ ಬಗ್ಗುವುದಿಲ್ಲ. ಅದನ್ನು ಬೇರೆಯಾಗಿ ತೆಗೆದುಹಾಕಬೇಕು. ವಿಭಕ್ತಿಪ್ರತ್ಯಯಗಳ ಮಾತು ಇನ್ನೊಂದು. ಮುಗಳಖೋಡದಲ್ಲಿ, ಮುಗಳಖೋಡಕ್ಕೆ ಎಂಬ ರೂಪಗಳನ್ನು ಬೇರಿಗೆ ಇಳಿಸುವ ನಿಯಮದಲ್ಲಿ ಈ ಸೀಮೆಯ ಜನರಾಡುವ 'ಮುಗಳಖೋಡದಾಗ', 'ಮುಗಳಖೋಡಕ್ಕ' ರೂಪಗಳಿಗೂ ಜಾಗ ಇರಲೇಬೇಕು. ಬಾಯಿಮಾತಿನಲ್ಲಿ ಹುಡುಕುವ ಸೌಲಭ್ಯ ಬಂದಿರುವಾಗ ಗ್ರಂಥಸ್ಥ ಕನ್ನಡವೊಂದನ್ನೇ ನಂಬಿದರೆ ಅರ್ಧ ನಾಡನ್ನು ಹೊರಗಿಟ್ಟಂತೆ.

ಕಾಣುವ ವ್ಯತ್ಯಾಸಗಳಿಗೆ ಸಾಮಾನ್ಯವಾಗಿ ಸೂಚಿಸುವ ಮದ್ದು ಸಡಿಲ ಹೊಂದಾಣಿಕೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಸಂಕೇತಗಳನ್ನು ಬದಲಿಸಬೇಕು, ಸೇರಿಸಬೇಕು ಅಥವಾ ತೆಗೆಯಬೇಕು ಎಂಬ ಅಂತರದ ಲೆಕ್ಕವನ್ನು ಲೆವೆನ್‌ಸ್ಟೈನ್ 1965ರಲ್ಲಿ ಮಂಡಿಸಿದರು. ನಿಪ್ಪಾಣಿಯನ್ನು ನಿಪಾಣಿ ಮಾಡಲು ಹಲಂತಚಿಹ್ನೆ ಒಂದು, ಪಕಾರ ಒಂದು, ಒಟ್ಟು ಎರಡು ಸಂಕೇತ ತೆಗೆದರೆ ಸಾಕು. ಅಂತರ ಎರಡು. ಈಗ ರಾಯಬಾಗ ತಾಲ್ಲೂಕಿನ ಕುಡಚಿಯನ್ನೂ ರಾಮದುರ್ಗ ತಾಲ್ಲೂಕಿನ ಗೊಡಚಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಕಾರ ಗಕಾರವಾಗಬೇಕು, ಉತ್ವ ಒತ್ವವಾಗಬೇಕು. ಅಲ್ಲಿಯೂ ಅಂತರ ಎರಡೇ! ನಿಪ್ಪಾಣಿಯ ಎರಡು ರೂಪಗಳನ್ನು ಕೂಡಿಸುವಷ್ಟು ಸಡಿಲ ಬಿಟ್ಟರೆ, ಕುಡಚಿ ಕೇಳಿದವರ ಮುಂದೆ ಗೊಡಚಿಯ ವೀರಭದ್ರ ದೇವಾಲಯವೂ ಬಂದು ನಿಲ್ಲುತ್ತದೆ. ಒಂದೇ ಊರಿನ ಎರಡು ಹೆಸರು ಯಾವುದು, ಎರಡು ಊರುಗಳ ಹೆಸರು ಯಾವುದು ಎಂದು ಅಂತರದ ಲೆಕ್ಕ ಹೇಳಲಾರದು. ಅದನ್ನು ಆ ನೆಲದವರೇ ಹೇಳಬೇಕು.

ಪರ್ಯಾಯ ರೂಪಗಳ ಪಟ್ಟಿ ಮಾಡಿ ಯಂತ್ರಕ್ಕೆ ಕೊಟ್ಟರಾಯಿತು ಎಂದುಕೊಂಡರೆ ಅಲ್ಲೊಂದು ತೊಡಕು ಕಾದಿದೆ. ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ತೋರಿಸಿಕೊಟ್ಟ ತತ್ವದಂತೆ, ಸಂಗ್ರಹದಲ್ಲಿ ಅಪರೂಪವಾದ ಪದಕ್ಕೆ ಹೆಚ್ಚು ತೂಕ. ಸಣ್ಣ ಊರುಗಳಿಗೆ ಇದು ವರ. 'ಮಠ' ಎಂಬ ಪದ ಎಲ್ಲೆಲ್ಲೂ ಇದೆ, 'ಮುಗಳಖೋಡ' ಕೆಲವೆಡೆ ಮಾತ್ರ. ಹೀಗಾಗಿ ಊರ ಹೆಸರೇ ಫಲಿತಾಂಶವನ್ನು ಮುನ್ನಡೆಸುತ್ತದೆ. ಆದರೆ ಪರ್ಯಾಯ ರೂಪಗಳನ್ನು ಬಿಡಿಬಿಡಿ ಪದಗಳಾಗಿ ಎಣಿಸಿದಾಗ, ಅತಿ ಕಡಿಮೆ ಬಳಕೆಯ ರೂಪವೇ ಅತಿ ಅಪರೂಪದ್ದಾಗಿ ಹೆಚ್ಚಿನ ತೂಕ ಪಡೆಯುತ್ತದೆ. ಯಾರೋ ಅವಸರದಲ್ಲಿ ತಪ್ಪು ಬರೆದ ಕಡತ ತಲೆಯ ಮೇಲೆ ಕೂರುತ್ತದೆ, ಸರಿಯಾಗಿ ಬರೆದವು ಕೆಳಗೆ ಸರಿಯುತ್ತವೆ. ಎಲ್ಲ ರೂಪಗಳನ್ನೂ ಒಂದೇ ಪದವೆಂದು ಎಣಿಸಿ ಒಟ್ಟು ತೂಕ ಕೊಡುವುದೇ ಸರಿಯಾದ ಕ್ರಮ.

ಇದಕ್ಕಿಂತ ಗಟ್ಟಿಯಾದ ದಾರಿ 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿದೆ. ಅಲ್ಲಿ ಪ್ರತಿ ಊರಿಗೂ ಒಂದು ಗುರುತು ಸಂಖ್ಯೆ. ಅದರ ಕೆಳಗೆ ಪ್ರತಿ ಭಾಷೆಯಲ್ಲೂ ಮುಖ್ಯ ಹೆಸರು ಮತ್ತು ಪರ್ಯಾಯ ಹೆಸರುಗಳು. ಕಾಮನ್ಸ್‌ನಲ್ಲಿ ಚಿತ್ರವೊಂದು ಏನನ್ನು ತೋರಿಸುತ್ತದೆ ಎಂಬುದನ್ನು ಈ ಸಂಖ್ಯೆಯ ಮೂಲಕ ದಾಖಲಿಸಬಹುದು, ಹುಡುಕಾಟವೂ ಆ ದಾಖಲೆಯನ್ನು ಬಳಸಿಕೊಳ್ಳುತ್ತದೆ. ಚಿಂಚಲಿಯ ಮಾಯಕ್ಕನ ಜಾತ್ರೆ ಇದಕ್ಕೆ ತಕ್ಕ ಉದಾಹರಣೆ. ರಾಯಬಾಗ ತಾಲ್ಲೂಕಿನ ಈ ಜಾತ್ರೆಗೆ ಮಹಾರಾಷ್ಟ್ರದ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಅವರು ತೆಗೆದ ಚಿತ್ರಕ್ಕೆ ಅಡಿಬರಹ ಮರಾಠಿಯಲ್ಲಿರುವುದು ಸಹಜ. ಅಕ್ಷರಕ್ಕೆ ಅಕ್ಷರ ಹೊಂದಿಸುವ ಯಂತ್ರಕ್ಕೆ ದೇವನಾಗರಿಯ ಮಾಯಾಕ್ಕಾ ಬೇರೆ, ಕನ್ನಡದ ಮಾಯಕ್ಕ ಬೇರೆ. ಚಿತ್ರಕ್ಕೆ ಗುರುತು ಸಂಖ್ಯೆ ಅಂಟಿದ್ದರೆ, ಹುಡುಕುವವರು ಯಾವ ಲಿಪಿಯಲ್ಲಿ ಕೇಳಿದರೂ ಒಂದೇ ದೇವಿಯ ಮುಂದೆ ಬಂದು ನಿಲ್ಲುತ್ತಾರೆ. ಒಮ್ಮೆ ಸೇರಿಸಿದ ಪರ್ಯಾಯ ಹೆಸರು ಅದೇ ಗುರುತಿನ ಎಲ್ಲ ಕಡತಗಳಿಗೂ ಒದಗುತ್ತದೆ. ಒಂದೊಂದೇ ಅಡಿಬರಹ ತಿದ್ದುತ್ತ ಕೂರಬೇಕಿಲ್ಲ. ತಾಲ್ಲೂಕು ಬದಲಾದಾಗಲೂ ಊರಿನ ನಮೂದಿನಲ್ಲಿ ಹಳೆಯ ತಾಲ್ಲೂಕನ್ನು ಅವಧಿಸಹಿತ ಉಳಿಸಿ ಹೊಸದನ್ನು ಸೇರಿಸಬಹುದು.

ಸುಧಾರಣೆ ಆಯಿತೇ ಎಂಬುದನ್ನು ಅಳೆಯುವ ಕ್ರಮ ಕ್ರಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್‌ಡನ್ ನಡೆಸಿದ ಪ್ರಯೋಗಗಳಿಂದ ಬಂದದ್ದು: ನಿಗದಿತ ಪ್ರಶ್ನೆಗಳು, ನಿಗದಿತ ಸಂಗ್ರಹ, ಯಾವುದು ಪ್ರಸ್ತುತ ಎಂಬ ಮಾನವ ತೀರ್ಪು. ಆ ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಕುಳಿತು ಬರೆಯುವುದಕ್ಕಿಂತ ರಾಯಬಾಗ, ಅಥಣಿಗಳ ಶಿಕ್ಷಕರಿಂದಲೂ ವಿದ್ಯಾರ್ಥಿಗಳಿಂದಲೂ ಅವರದೇ ಮಾತಿನಲ್ಲಿ ಕೇಳಿ ಪಡೆಯಬೇಕು. ತೀರ್ಪು ಕೊಡುವವರಲ್ಲಿ ಮರಾಠಿ ಬಲ್ಲವರೂ ಇರಬೇಕು.

ನಮೂದುಗಳ ದಾರಿಗೂ ಒಂದು ಮಿತಿ ಇದೆ. ಈ ಸೀಮೆಯಲ್ಲಿ ಅನೇಕ ಕುಟುಂಬಗಳು ಊರೊಳಗಿರದೆ ತೋಟಗಳಲ್ಲೇ ಮನೆ ಮಾಡಿಕೊಂಡಿವೆ. ಮನೆತನದ ಹೆಸರೇ ತೋಟದ ಹೆಸರು, ಅದೇ ಅಲ್ಲಿನ ಸರ್ಕಾರಿ ಶಾಲೆಗೂ ಹೆಸರು. ಒಂದೇ ಮನೆತನದ ಹೆಸರಿನ ತೋಟಗಳು ಹಲವು ಊರುಗಳಲ್ಲಿರಬಹುದು. ಇಂಥ ಕಡೆ ಹೆಸರೊಂದೇ ಸಾಲದು. ತೋಟ ಯಾವ ಊರಿಗೆ ಸೇರಿದ್ದು ಎಂಬ ಸಂಬಂಧವನ್ನೂ ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಚಿತ್ರ ಹಾಕುವಾಗಲೇ ದಾಖಲಿಸಬೇಕು. ಆಗ ತೋಟದ ಶಾಲೆಯ ಚಿತ್ರ ಹುಡುಕುವ ಅಲ್ಲಿನ ಹಳೆಯ ವಿದ್ಯಾರ್ಥಿಗೆ ಬೇರೆ ಊರಿನ ಅದೇ ಹೆಸರಿನ ಶಾಲೆ ಎದುರಾಗುವುದಿಲ್ಲ.